ಜರಿಗಿಡದೊಳಗಿನ ಸುಗುಣಕ್ಕ

ಸುಗುಣಕ್ಕ ಒಂದು ಕಡೆ ಕೂತರೆಂದರೆ ಎರಡು ಗಂಟೆ ಅಲ್ಲಾಡುತ್ತಿರಲಿಲ್ಲ. ಇದು ಮಾತಿಗೆ ಹೇಳುವುದಲ್ಲ, ಗಡಿಯಾರ ಹಿಡಿದು ನೋಡಿದ್ದೇನೆ. ಮೂಗಿನ ಮೇಲೆ ಹುಳ ಹರಿದರೂ, ಮಳೆಹನಿ ಕತ್ತಿನೊಳಗೆ ಇಳಿದರೂ, ಒದ್ದೆ ನೆಲದ ತಂಪು ಮೊಣಕಾಲಿಗೆ ಏರಿದರೂ ಅವರ ಮೈ ಮಿಸುಕುತ್ತಿರಲಿಲ್ಲ. ಒಮ್ಮೆ ರಾಬಿನ್ ಹಕ್ಕಿಯೊಂದು ಅವರ ಟೊಪ್ಪಿಗೆಯ ಮೇಲೆ ಬಂದಿಳಿದು, ಅತ್ತಿತ್ತ ನೋಡಿ, ಇಲ್ಲಿ ತಿನ್ನುವಂಥದ್ದೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹಾರಿಹೋಯಿತು. ಆಗ ಅವರಿಗೆ ಐವತ್ಮೂರು ವರ್ಷ. ಗದಗ-ಬೆಟಗೇರಿಯ ಹೆಣ್ಣುಮಗಳು, ಶೆಫೀಲ್ಡಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸ್. ಒಂದು ಭಾನುವಾರ ಚರ್ಚಿಗೆ ಹೋದರೆ ಇನ್ನೊಂದು ಭಾನುವಾರ ಕಾಡಿಗೆ ಹೋಗಿ, ಪ್ಲಾಸ್ಟಿಕ್ ಗುಂಡಿನ ಪಿಸ್ತೂಲು ಹಿಡಿದು ಯುದ್ಧದ ಆಟ ಆಡುತ್ತಿದ್ದರು.

ನಾನಾಗ ಲಫ್‌ಬರೋದಲ್ಲಿ ಪಿಎಚ್.ಡಿ. ವಿದ್ಯಾರ್ಥಿ. ಊರು ತುಮಕೂರು, ಹೆಸರು ಇರ್ಫಾನ್. ರಬ್ಬರು ಯಾವ ಶಾಖಕ್ಕೆ, ಎಷ್ಟು ಒತ್ತಡಕ್ಕೆ, ಎಲ್ಲಿ ಸೀಳುತ್ತದೆ ಎಂದು ತಿಳಿಯುವುದು ನನ್ನ ಕೆಲಸವಾಗಿತ್ತು. ಬಂದ ಹೊಸದರಲ್ಲಿ ಜೊತೆಯ ಹುಡುಗರು ಒಂದು ಭಾನುವಾರ ಶೆಫೀಲ್ಡಿನ ಆಚೆಗಿನ ಲಾರ್ಚ್ ಮರಗಳ ಕಾಡಿಗೆ ಏರ್‌ಸಾಫ್ಟ್ ಆಡಲು ಕರೆದೊಯ್ದರು. ತೊಗರಿಕಾಳಿನಷ್ಟು ದೊಡ್ಡ ಪ್ಲಾಸ್ಟಿಕ್ ಗುಂಡು, ನೋಡಲು ಥೇಟ್ ನಿಜವಾದದ್ದರಂತೆ ಇರುವ ಬಂದೂಕು, ಕಣ್ಣಿಗೆ ಕನ್ನಡಕ, ಮುಖಕ್ಕೆ ಜಾಲರಿ. ಎರಡು ಪಂಗಡ ಮಾಡಿಕೊಂಡು ಬಾವುಟ ಕಸಿಯುವ ಆಟ. ಬಾಡಿಗೆಯ ಅಂಗಿ ತೊಟ್ಟು, ಬಾಡಿಗೆಯ ಬಂದೂಕು ಹಿಡಿದು ಇಳಿಜಾರಿನಲ್ಲಿ ಓಡುವಾಗ ಬೇರಿಗೆ ಕಾಲು ಸಿಕ್ಕಿ ಮುಗ್ಗರಿಸಿ ಬಿದ್ದೆ. "ಅಯ್ಯಯ್ಯಪ್ಪಾ, ಸತ್ತೆ!" ಎಂದು ಕೂಗಿಕೊಂಡೆ.

"ಪೆಟ್ಟಾತೇನಪಾ?" ಎಂದಿತು ಪಕ್ಕದ ಜರಿಗಿಡದ ಪೊದೆ.

ನನಗೆ ತಲೆ ತಿರುಗಿದೆಯೆಂದುಕೊಂಡೆ. ಯಾರ್ಕ್‌ಷೈರಿನ ಕಾಡಿನಲ್ಲಿ, ಅಕ್ಟೋಬರ್ ತಿಂಗಳಲ್ಲಿ, ಕಂದು ಬಣ್ಣಕ್ಕೆ ತಿರುಗಿದ್ದ ಜರಿಗಿಡವೊಂದು ಗದಗಿನ ಕನ್ನಡದಲ್ಲಿ ನನ್ನ ಯೋಗಕ್ಷೇಮ ವಿಚಾರಿಸುತ್ತಿತ್ತು. ನೋಡುತ್ತಿದ್ದಂತೆ ಅದರೊಳಗಿಂದ ಎರಡು ಕಣ್ಣು ಮೂಡಿದವು, ಆಮೇಲೆ ಒಂದು ಕೈ. ಆ ಕೈ ನನ್ನ ಕಣಕಾಲನ್ನು ಹಿಡಿದು ಅತ್ತ ಇತ್ತ ತಿರುವಿತು.

"ಮುರದಿಲ್ಲ. ಉಳುಕೇತಿ ಅಷ್ಟ. ಕನ್ನಡದಾಗ ಕೂಗಿದಿ ಅಂತ ಬಾಯಿ ಬಿಟ್ಟೆ, ಇಲ್ಲಂದ್ರ ನಾ ಮಾತಾಡತಿದ್ದಿಲ್ಲ. ಒಂದೂವರಿ ತಾಸಿನಿಂದ ಕುಂತೀನಿ ಇಲ್ಲೆ. ಈಗ ಎದ್ದು ಹೋಗು, ನನ್ನ ಜಾಗಾ ತೋರಸ್ಬ್ಯಾಡ."

ನಾನು ಎದುರು ಪಂಗಡದವನು ಎಂಬುದು ಅವರಿಗೆ ನನ್ನ ತೋಳಿನ ಪಟ್ಟಿಯಿಂದ ಗೊತ್ತಿತ್ತು. ಕುಂಟುತ್ತಾ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬೆನ್ನಿಗೆ 'ಚಟ್' ಎಂದು ಒಂದು ಗುಂಡು ಬಡಿಯಿತು. ತಿರುಗಿ ನೋಡಿದರೆ ಜರಿಗಿಡ ನಿಶ್ಚಲವಾಗಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ಅವರನ್ನು ಪೂರ್ತಿಯಾಗಿ ಕಂಡೆ. ಕುಳ್ಳು ಮೈಕಟ್ಟು, ನರೆತ ಜಡೆಯನ್ನು ಸುತ್ತಿ ಟೊಪ್ಪಿಗೆಯೊಳಗೆ ಸೇರಿಸಿದ್ದರು. ಮೈತುಂಬ ಗೋಣಿದಾರ ಹೆಣೆದ ಬಲೆ, ಅದಕ್ಕೆ ತಾವೇ ಪೋಣಿಸಿದ ಒಣ ಎಲೆಗಳು. ಸುತ್ತಲಿದ್ದ ಹುಡುಗರ ಬಳಿ ಸೈನಿಕರು ನಾಚುವಂಥ ಸಾಮಾನಿದ್ದವು. ಸುಗುಣಕ್ಕನ ಬಳಿ ಇದ್ದದ್ದು ಒಂದು ನೀಲಿ ಬಣ್ಣದ ಸ್ಪ್ರಿಂಗ್ ಪಿಸ್ತೂಲು. ಒಂದೊಂದು ಗುಂಡಿಗೂ ಒಂದೊಂದು ಸಲ ಎಳೆಯಬೇಕು. ಅದನ್ನು ಅಂಗಿಯ ತೋಳಿನೊಳಗೆ ಅಡಗಿಸಿ ಇಟ್ಟುಕೊಳ್ಳುತ್ತಿದ್ದರು. ಊಟದ ಡಬ್ಬಿ ತೆಗೆದು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. "ಕಡಕ್ ರೊಟ್ಟಿ ಇಲ್ಲೆ ನಡಿಯಂಗಿಲ್ಲಪಾ, ಸಪ್ಪಳಾ ಮಾಡತಾವು. ಅದಕ್ಕ ಮೆತ್ತನ್ವು ತರ್ತೀನಿ" ಎಂದರು. ನಗಲಿಲ್ಲ. ಅದು ಅನುಭವದ ಮಾತು.

ಈ ಆಟಕ್ಕೆ ಅವರನ್ನು ಎಳೆದು ತಂದದ್ದು ಮಗ ಡ್ಯಾನಿ. ಹದಿನಾರರ ಹುಡುಗನನ್ನು ದೊಡ್ಡವರಿಲ್ಲದೆ ಬಿಡುವುದಿಲ್ಲ ಎಂದು ಮೈದಾನದವರು ಹೇಳಿದ್ದಕ್ಕೆ ಇವರು ಜೊತೆಗೆ ಬಂದು ಕಾರಿನಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದರಂತೆ. ಮೂರನೆಯ ಸಲಕ್ಕೆ ಬೇಸರವಾಗಿ, ಒಂದು ಆಟ ನೋಡಿಯೇಬಿಡೋಣವೆಂದು ಇಳಿದರು. ಮಗ ವರ್ಷದೊಳಗೆ ಗಿಟಾರಿನ ಕಡೆ ತಿರುಗಿದ. ಅಮ್ಮ ಕಾಡಿನಲ್ಲೇ ಉಳಿದರು. "Mum, you're embarrassing me" ಎನ್ನುತ್ತಿದ್ದನಂತೆ ಅವನು. "ಆಗಲಿ ಬಿಡು ಅಂದೆ" ಎನ್ನುತ್ತಿದ್ದರು ಇವರು.

ಆಮೇಲೆ ನಾನು ತಿಂಗಳು ತಿಂಗಳೂ ಹೋಗತೊಡಗಿದೆ. ಶೆಫೀಲ್ಡ್ ಸ್ಟೇಷನ್ನಿಗೆ ಅವರ ಕೆಂಪು ಕಾರು ಬರುತ್ತಿತ್ತು. ಅಡಗಿ ಕೂರುವ ವಿದ್ಯೆಯನ್ನು ಅವರೇ ನನಗೆ ಕಲಿಸಿದರು, ಅಂದರೆ ಕಲಿಸಲು ನೋಡಿದರು. "ಗಿಡ ಆಗು" ಎಂಬುದು ಅವರ ಪಾಠ. ಬೆಟಗೇರಿಯಲ್ಲಿ ಗಿಡವೆಂದರೆ ಮರ. "ಅಡಗಬೇಕು ಅಂತ ಅನ್ಕೊಂಡ್ರ ಮೈ ಬಿಗಿತೈತಿ, ಬಿಗಿದ ಮೈ ಕಾಣಸ್ತೈತಿ. ಅಡಗೂದ ಬಿಟ್ಟುಬಿಡು. ಇಲ್ಲೇ ಹುಟ್ಟೀನಿ, ಇಲ್ಲೇ ಇರ್ತೀನಿ ಅಂತ ಕುಂದ್ರು." ನಾನು ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿದು ಹೊರಳಿ, ಹನ್ನೊಂದನೆಯ ನಿಮಿಷಕ್ಕೆ ಗುಂಡು ತಿನ್ನುತ್ತಿದ್ದೆ. ಇಷ್ಟು ಹೊತ್ತು ಹೇಗೆ ಕೂರುತ್ತೀರಿ ಎಂದು ಕೇಳಿದೆ. "ಹಿಪ್ ಆಪರೇಷನ್‌ನಾಗ ಮೂರು ತಾಸು ನಿಂತಿರ್ತೀವಿ, ತುರಿಸಿದ್ರೂ ಮೂಗು ಮುಟ್ಟಂಗಿಲ್ಲ. ಇಲ್ಲೆ ಕುಂದ್ರಾಕರ ಕೊಡ್ತಾರಲ್ಲ!"

ಏರ್‌ಸಾಫ್ಟಿನ ಗುಂಡು ಬಣ್ಣ ಹಚ್ಚುವುದಿಲ್ಲ, ಗುರುತು ಬಿಡುವುದಿಲ್ಲ. ಗುಂಡು ತಗುಲಿತೆಂಬುದು ತಗುಲಿಸಿಕೊಂಡವನಿಗೆ ಮಾತ್ರ ಗೊತ್ತು. ಅವನೇ "ಹಿಟ್!" ಎಂದು ಕೂಗಿ, ಕೈ ಮೇಲೆತ್ತಿ, ಆಟದಿಂದ ಹೊರಗೆ ನಡೆಯಬೇಕು. ಕೂಗದಿದ್ದರೆ ಕೇಳುವವರಿಲ್ಲ. ಮೈದಾನ ನಡೆಸುತ್ತಿದ್ದ ಕೀತ್ ಹಿಂದೆ ಕಲ್ಲಿದ್ದಲ ಗಣಿಯಲ್ಲಿ ದುಡಿದ ಭಾರಿ ಆಳು. ಪ್ರತಿ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಇದನ್ನೇ ಹೇಳುತ್ತಿದ್ದ. ಹುಡುಗರು ತಲೆಯಾಡಿಸುತ್ತಿದ್ದರು. ಸಂಜೆಯ ಹೊತ್ತಿಗೆ ಅರ್ಧ ಜನರ ಮೈ ಕಬ್ಬಿಣವಾಗಿರುತ್ತಿತ್ತು.

ಆ ಜನವರಿಯ ಒಂದು ಆಟವನ್ನು ನಾನು ಮರೆಯಲಾರೆ. ಕುರಿ ಕೂಡುತ್ತಿದ್ದ ಹಳೆಯ ಕಲ್ಲಿನ ದೊಡ್ಡಿಯಲ್ಲಿ ನಮ್ಮ ಬಾವುಟ. ನಾವು ಎಂಟು ಜನ ಕಾವಲು. ಆಟಕ್ಕೆ ಎರಡು ಗಂಟೆಯ ಗಡುವು. ಎದುರು ಪಂಗಡದಲ್ಲಿ ಸುಗುಣಕ್ಕ. ಗಡುವು ಮುಗಿಯಲು ಐದು ನಿಮಿಷವಿದ್ದಾಗ ಬೇಸರಗೊಂಡ ನಮ್ಮ ಹುಡುಗನೊಬ್ಬ ಸುಮ್ಮನೆ ಕಾಲಹರಣಕ್ಕೆಂದು ಎದುರಿನ ಎಲೆಗಳ ಮೇಲೆ ನಾಲ್ಕು ಗುಂಡು ಹಾರಿಸಿದ. ಒಂದು ಕಲ್ಲಿಗೆ ಬಡಿದು ಪುಟಿಯಿತು. ಎಲ್ಲೋ ಬಿದ್ದ ಸದ್ದೂ ಕೇಳಲಿಲ್ಲ.

"ಹಿಟ್!"

ನಮ್ಮ ಬಾವುಟದಿಂದ ಮೂರು ಮಾರು ದೂರದಲ್ಲಿ, ನಾವೆಲ್ಲ ಬೆಳಗಿನಿಂದ ದಾಟಿ ಓಡಾಡಿದ್ದ ಜಾಗದಲ್ಲಿ, ನೆಲ ಎದ್ದು ನಿಂತಿತು. ಎಲೆ, ಕೆಸರು, ಗೋಣಿದಾರ, ಅದರ ನಡುವೆ ಸುಗುಣಕ್ಕನ ಮುಖ. ಸುಮಾರು ಎರಡು ಗಂಟೆ ಅಂಗುಲ ಅಂಗುಲವಾಗಿ ತೆವಳಿ ಬಂದಿದ್ದರು. ಇನ್ನು ಕೈ ಚಾಚಿ ಓಡಿದರೆ ಬಾವುಟ ಅವರದು. ಅವರ ಕೈಯಲ್ಲಿ ಪಿಸ್ತೂಲಿರಲಿಲ್ಲ. ಒಂದು ಬೆರಳಿನಿಂದ ಎಡಗಾಲಿನ ಬೂಟನ್ನು ತೋರಿಸುತ್ತಿದ್ದರು.

ಗುಂಡು ಹಾರಿಸಿದ ಬಾರ್ನ್‌ಸ್ಲಿಯ ಹುಡುಗ ಬಾಯಿ ಬಿಟ್ಟುಕೊಂಡು ನಿಂತ. "ಲವ್, ನೀವಲ್ಲಿ ಇದ್ದದ್ದೇ ನಮಗೆ ಗೊತ್ತಿರಲಿಲ್ಲ!" ಎಂದ, ಆ ಕಡೆಯವರು ಯಾವ ಹೆಂಗಸನ್ನಾದರೂ ಕರೆಯುವ ಹಾಗೆ.

ಸುಗುಣಕ್ಕ ಅವನ ಕಡೆ ನೋಡಲಿಲ್ಲ, ಕೀತ್‌ನನ್ನು ಕೇಳಿದರು: "ಪುಟಿದು ಬೂಟಿಗೆ ತಗುಲಿದರೂ ಲೆಕ್ಕಕ್ಕೆ ಬರುತ್ತದಲ್ಲವೇ?" ನಿಜವಾಗಿಯೂ ನಿಯಮ ತಿಳಿಯುವುದಕ್ಕೇ ಕೇಳಿದ್ದು.

"ಬರುತ್ತದೆ" ಎಂದ ಕೀತ್. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವರು ಕೈಯೆತ್ತಿಕೊಂಡು, ಜಡೆಯೊಳಗಿನ ಎಲೆ ಉದುರಿಸುತ್ತಾ ಇಳಿಜಾರಿನಲ್ಲಿ ಮರೆಯಾಗುವವರೆಗೂ ಅವನು ಹಾಗೆಯೇ ನಿಂತಿದ್ದ. ಆ ದಿನ ಉಳಿದ ಆಟಗಳಲ್ಲಿ 'ಹಿಟ್' ಎಂಬ ಕೂಗು ಕಾಡಿನ ಮೂಲೆ ಮೂಲೆಯಿಂದ ಕೇಳಿಸಿತು.

ವಾಪಸ್ ಬರುವಾಗ ಕಾರಿನಲ್ಲಿ ನಾನು ಆ ವಿಷಯ ತೆಗೆದೆ. "ಹತ್ತಿದ್ದು ಹತ್ತೇತಿ. ಅದರಾಗ ಮಾತಾಡೂದೇನೈತಿ?" ಎಂದರು. "ಮೊಣಕಾಲು ನೋಯಾಕತ್ತಾವು ನೋಡು. ಸುಮ್ನ ಕುಂದ್ರು, ಗೇರ್ ಬದಲ್ಸಬೇಕು."

ಮೂರು ಆಟ ಆಡಿ, ಎರಡು ತಿಂಗಳು ಕಳೆದು, ಹೆಸರು ನೋಂದಾಯಿಸಿದ ಮೇಲೆ ನಿಜದಂತೆ ಕಾಣುವ ಕಪ್ಪು ಬಂದೂಕನ್ನು ಸ್ವಂತಕ್ಕೆ ಕೊಳ್ಳಬಹುದು. ಅಲ್ಲಿಯವರೆಗೆ ಗಾಢ ಬಣ್ಣ ಬಳಿದದ್ದೇ ಗತಿ. ಸುಗುಣಕ್ಕ ನೋಂದಾಯಿಸಿಕೊಂಡಿದ್ದರೂ ನೀಲಿ ಪಿಸ್ತೂಲನ್ನೇ ಇಟ್ಟುಕೊಂಡಿದ್ದರು. ನಾನು ಹಾಗಲ್ಲ. ನೋಂದಣಿ ಆದ ವಾರವೇ ಕಪ್ಪು ರೈಫಲ್ಲೊಂದನ್ನು ತರಿಸಿದೆ. ಅದನ್ನು ಬ್ಯಾಗಿನಲ್ಲಿಟ್ಟು, ಜಿಪ್ ಎಳೆದು, ಮಾರ್ಚ್ ತಿಂಗಳ ಒಂದು ಭಾನುವಾರ ಅವರ ಕಾರಿನ ಡಿಕ್ಕಿಯಲ್ಲಿ ಮಲಗಿಸಿದೆ. "ಮೈದಾನ ಬರೂತನಕ ಜಿಪ್ ತಗೀಬ್ಯಾಡ" ಎಂದು ಅವರು ಹೇಳಿದ್ದರು. ಹೂಂ ಎಂದಿದ್ದೆ.

ಕಾಡಿಗೆ ಎರಡು ಮೈಲಿ ಇದ್ದಾಗ ಅವರಿಗೆ ಒಂದು ಫೋನ್ ಬಂತು. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವ ಜಾಗವಿತ್ತು. ನಿಲ್ಲಿಸಿ, ಇಳಿದು, ಹೊಲದ ಗೇಟಿನವರೆಗೆ ನಡೆದು ಮಾತಾಡುತ್ತಾ ನಿಂತರು. ಐದು ನಿಮಿಷವಾಯಿತು, ಹತ್ತಾಯಿತು. ಬಿಸಿಲು ಚೆನ್ನಾಗಿತ್ತು, ಹಿಂದೆ ಹಸಿರು ಗುಡ್ಡ. ನನ್ನ ಕೈ ತಡೆಯಲಿಲ್ಲ. ಡಿಕ್ಕಿ ತೆಗೆದು ರೈಫಲ್ ಹೊರಗೆಳೆದೆ. ಫೋನನ್ನು ಕಾರಿನ ಮೇಲಿಟ್ಟು ಟೈಮರ್ ಹಾಕಿ, ಬಂದೂಕನ್ನು ಹೆಗಲಿಗೇರಿಸಿ, ಒಂದು ಕಣ್ಣು ಮುಚ್ಚಿ ಗುರಿಯಿಟ್ಟು ಫೋಟೋ ತೆಗೆದುಕೊಂಡೆ. ಒಂದು, ಎರಡು, ಹದಿನೈದು. ನಾನು ಗುರಿಯಿಟ್ಟ ಕಡೆ ರಸ್ತೆಯಿದೆ, ಅದರ ಮೇಲೆ ಕಾರುಗಳು ಹೋಗುತ್ತಿವೆ ಎಂಬುದು ನನ್ನ ತಲೆಗೇ ಹೋಗಲಿಲ್ಲ. ಗಡ್ಡ ಬಿಟ್ಟ ಕಂದು ಬಣ್ಣದ ಹುಡುಗನೊಬ್ಬ ರಸ್ತೆ ಬದಿಯಲ್ಲಿ ರೈಫಲ್ ಹಿಡಿದು ನಿಂತಿದ್ದಾನೆ ಎಂದು ಯಾರೋ ಒಬ್ಬ ಹೆಂಗಸು ಪೊಲೀಸರಿಗೆ ಫೋನ್ ಮಾಡಿದ್ದು ಆಮೇಲೆ ತಿಳಿಯಿತು.

ಎರಡು ಕಾರುಗಳು ಎರಡು ದಿಕ್ಕಿನಿಂದ ಬಂದವು. ಸೈರನ್ ಇರಲಿಲ್ಲ. ಬಾಗಿಲುಗಳು ಒಟ್ಟಿಗೆ ತೆರೆದವು. ನಾಲ್ಕು ಬಂದೂಕುಗಳು ನನ್ನ ಕಡೆ ತಿರುಗಿದವು, ಅವು ಪ್ಲಾಸ್ಟಿಕ್ಕಿನವಲ್ಲ. "ಆರ್ಮ್ಡ್ ಪೊಲೀಸ್!" ಎಂಬ ಕೂಗು ಕೇಳಿಸಿತು, ಆಮೇಲಿನ ಮಾತು ಕಿವಿಗೆ ಇಳಿಯಲಿಲ್ಲ. ನನ್ನ ರೈಫಲ್ ಆಗ ಕಾರಿನ ಬಾನೆಟ್ಟಿನ ಮೇಲಿತ್ತು. ಅದನ್ನು ಮುಚ್ಚಿಡಬೇಕು, ಬ್ಯಾಗಿಗೆ ಹಾಕಬೇಕು ಎಂಬುದೊಂದೇ ಯೋಚನೆ. ನನ್ನ ಬಲಗೈ ತಾನಾಗಿಯೇ ಅದರತ್ತ ಹೊರಟಿತ್ತು.

"ಇರ್ಫಾನ್. ಗಿಡ ಆಗು."

ಗೇಟಿನ ಬಳಿಯಿಂದ, ಜೋರಾಗಿಯಲ್ಲ, ಊಟಕ್ಕೆ ಕರೆದ ಹಾಗೆ. ನನ್ನ ಕೈ ಗಾಳಿಯಲ್ಲಿ ನಿಂತಿತು. ಹೇಗೆ ನಿಂತಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಾಡಿನಲ್ಲಿ ಹತ್ತು ನಿಮಿಷ ಕೂರಲಾಗದವನು ಅಲ್ಲಿ ಕಲ್ಲಾದೆ.

"ಇಂಗ್ಲಿಷ್! ಇಂಗ್ಲಿಷಿನಲ್ಲಿ ಮಾತಾಡಿ!" ಎಂದು ಒಬ್ಬ ಪೊಲೀಸ್ ಅರಚಿದ.

"ಅಲ್ಲಾಡಬೇಡ ಎಂದು ಹೇಳಿದೆ" ಎಂದರು ಸುಗುಣಕ್ಕ ಇಂಗ್ಲಿಷಿನಲ್ಲಿ, ಅದೇ ದನಿಯಲ್ಲಿ. "ನಾನು ನರ್ಸ್. ಅದು ಆಟದ ಬಂದೂಕು. ನನ್ನ ಎರಡೂ ಕೈ ನಿಮಗೆ ಕಾಣುತ್ತಿವೆ. ಅವನು ಅಲ್ಲಾಡುವುದಿಲ್ಲ."

ನಮ್ಮನ್ನು ಮೊಣಕಾಲೂರಿಸಿದರು, ತಡಕಿದರು, ಆಮೇಲೆ ಹತ್ತಡಿ ಅಂತರದಲ್ಲಿ ನಿಲ್ಲಿಸಿದರು. ಬಂದೂಕು ಆಟದ್ದೇ ಎಂದು ಖಚಿತವಾದ ಮೇಲೆ ಅವರ ಹೆಗಲುಗಳು ಸ್ವಲ್ಪ ಇಳಿದವು. ಹೆಸರು ಕೇಳಿದರು. ಮೊಹಮ್ಮದ್ ಇರ್ಫಾನ್ ಎಂದೆ. ಬರೆದುಕೊಳ್ಳುತ್ತಿದ್ದವನು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಬರೆದ. ಆಟದ ಬಂದೂಕು ಬ್ಯಾಗಿನಿಂದ ಯಾಕೆ ಹೊರಬಂತು ಎಂದರು. ಫೋಟೋಗೆ ಎಂದೆ. "ರಸ್ತೆಯ ಕಡೆ, ಕಾರುಗಳ ಕಡೆ ಗುರಿಯಿಟ್ಟಿರಾ?"

"ಇಲ್ಲ" ಎಂದೆ. ಆ ಒಂದು ಪ್ರಶ್ನೆಯ ಮೇಲೆ ಎಲ್ಲ ನಿಂತಿದೆಯೆಂದು ನನಗೆ ಅರ್ಥವಾಗಿತ್ತು. ನನ್ನ ವೀಸಾ, ನನ್ನ ಓದು, ತುಮಕೂರಿನಲ್ಲಿ ಅಬ್ಬಾ ಊರವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದ ಮಗನ ಕಥೆ, ಎಲ್ಲ.

ಪೊಲೀಸ್ ಸುಗುಣಕ್ಕನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಬಾಯಿ ತೆರೆದು, ಒಂದು ಕ್ಷಣ ಮುಚ್ಚಿ, ಮತ್ತೆ ತೆರೆದರು.

"ಹೌದು" ಎಂದರು. "ಫೋನ್ ಕಿವಿಗಿಟ್ಟುಕೊಂಡು ತಿರುಗಿದಾಗ ಒಮ್ಮೆ ನೋಡಿದೆ. ರಸ್ತೆಯ ಕಡೆಗೇ ಹಿಡಿದಿದ್ದ. ಕಾರನ್ನು ನೋಡುತ್ತಿರಲಿಲ್ಲ, ಕಾರಿನ ಮೇಲಿಟ್ಟ ತನ್ನ ಫೋನನ್ನು ನೋಡುತ್ತಿದ್ದ. ಬೇಡ ಎಂದು ನಾನು ಆಗಲೇ ಕೂಗಬೇಕಿತ್ತು. ಕೂಗಲಿಲ್ಲ. ಕಾರು ನನ್ನದು, ಕರೆತಂದವಳು ನಾನು. ನನ್ನ ಹೆಸರನ್ನೂ ಬರೆದುಕೊಳ್ಳಿ."

ಬರೆದುಕೊಂಡರು. ಫೋನಿನ ಫೋಟೋಗಳನ್ನು ನೋಡಿದರು. ರೈಫಲ್ಲನ್ನು ಚೀಲಕ್ಕೆ ಹಾಕಿ ಒಯ್ದರು. ಕೇಸು ಹಾಕುವ ವಿಷಯಕ್ಕೆ ಪತ್ರ ಬರುತ್ತದೆ ಎಂದರು.

ಆಟಕ್ಕೆ ಹೋಗದೆ ರೈಲ್ವೆ ಸ್ಟೇಷನ್ನಿಗೆ ವಾಪಸ್ ಬಂದೆವು. ಇಳಿಯುವಾಗ ನನಗೆ ತಡೆಯಲಾಗಲಿಲ್ಲ.

"ಇಲ್ಲ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಅಕ್ಕ? ನಿಮ್ಮಿಂದ ನನ್ನ ಜೀವನಾನೇ ಹಾಳಾಗ್ಬಹುದು. ಗೊತ್ತಾ ನಿಮ್ಗೆ?"

ಅವರು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ಇದ್ದರು. "ಆಗಬಹುದು" ಎಂದರು. ಸಮಾಧಾನದ ಮಾತು ಒಂದೂ ಇಲ್ಲ. ನಾನು ಬಾಗಿಲನ್ನು ಬಡಿದು ಹೊರಟೆ.

ಮುಂದಿನ ಆರು ವಾರ ಅಂಚೆಯವನ ಹೆಜ್ಜೆ ಸಪ್ಪಳ ಕೇಳಿದರೆ ಬಾಗಿಲಿಗೆ ಓಡುತ್ತಿದ್ದೆ. ಮನೆಗೆ ಫೋನ್ ಮಾಡಿದಾಗ ಅಮ್ಮಿ "ದನಿ ಯಾಕೋ ಸರಿಯಿಲ್ಲ" ಎಂದರೆ ನೆಗಡಿ ಎನ್ನುತ್ತಿದ್ದೆ. ಸುಗುಣಕ್ಕ ನಾಲ್ಕು ಸಲ ಫೋನ್ ಮಾಡಿದರು, ಎತ್ತಲಿಲ್ಲ. ರೊಟ್ಟಿ ಕೊಟ್ಟು ಅಕ್ಕ ಅನ್ನಿಸಿಕೊಂಡವರು ಪೊಲೀಸರ ಮುಂದೆ ಅರ್ಧ ನಿಮಿಷದಲ್ಲಿ ನನ್ನನ್ನು ಬಿಟ್ಟುಕೊಟ್ಟರು ಎಂಬುದು ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಪತ್ರ ಬಂತು. ಮುಂದಿನ ಕ್ರಮವೇನೂ ಇಲ್ಲ ಎಂದಿತ್ತು. ಯಾಕೆ ಬಿಟ್ಟರು ಎಂದು ಅದರಲ್ಲಿರಲಿಲ್ಲ. ಸುಗುಣಕ್ಕ ಹೇಳಿದ ನಿಜ ನನ್ನನ್ನು ಉಳಿಸಿತೋ, ಬರಿಯ ಅದೃಷ್ಟವೋ ನನಗೆ ಗೊತ್ತಾಗಲೇ ಇಲ್ಲ. ಆ ದಿನವೇ ರೈಲು ಹತ್ತಿ ಶೆಫೀಲ್ಡಿಗೆ ಹೋದೆ. ಯಾಕೆ ಹೋದೆನೋ, ಪತ್ರ ತೋರಿಸಲೋ, ಜಗಳ ಮುಗಿಸಲೋ, ನನಗೇ ಸ್ಪಷ್ಟವಿರಲಿಲ್ಲ.

ಬಾಗಿಲು ತೆಗೆದವರು ಅವರ ಗಂಡ ಪ್ರಭಾಕರಣ್ಣ. ಟ್ರಾಮ್ ಡಿಪೋದಲ್ಲಿ ಕೆಲಸ ಮಾಡುವ ಮೆದು ಮನುಷ್ಯ. ಪತ್ರ ಓದಿ ಕುರ್ಚಿಯ ಮೇಲೆ ಕುಸಿದು ಕೂತು ಕಣ್ಣು ಮುಚ್ಚಿಕೊಂಡರು. ನನ್ನ ಪತ್ರಕ್ಕೆ ಇವರಿಗೇಕೆ ಇಷ್ಟು ನಿರಾಳ ಎನಿಸಿತು.

"ದೇವರು ದೊಡ್ಡಾಂವ. ಆಕಿ ಇನ್ನೂ ಸ್ಟೋರ್‌ನಿಂದ ಬಂದಿಲ್ಲ" ಎಂದರು.

"ಯಾವ ಸ್ಟೋರ್? ಥಿಯೇಟರ್ ಅಲ್ವಾ?"

"ನಿನಗ ಹೇಳೇ ಇಲ್ಲೇನು ಆಕಿ?"

ಚಹಾ ಮಾಡುತ್ತಾ ಅವರು ಹೇಳಿದ್ದು ಇಷ್ಟು. ಆಪರೇಷನ್ನಿಗೆ ಬಳಸುವ ಸಾಮಾನುಗಳನ್ನು ಹಬೆಯಲ್ಲಿ ಶುದ್ಧಮಾಡಿ ಪೊಟ್ಟಣ ಕಟ್ಟಿಡುತ್ತಾರೆ. ಶುದ್ಧವಾಗಿದ್ದರೆ ಪೊಟ್ಟಣದ ಪಟ್ಟಿಯಲ್ಲಿ ಕಪ್ಪು ಗೆರೆ ಮೂಡುತ್ತದೆ. ಜನವರಿ ಕೊನೆಯಲ್ಲಿ ಒಂದು ದಿನ ಕೆಲಸ ಮುಗಿಸಿ ಟ್ರಾಮಿನಲ್ಲಿ ಬರುವಾಗ ಸುಗುಣಕ್ಕನಿಗೆ ತಾನು ಬಿಚ್ಚಿದ ಒಂದು ಪೊಟ್ಟಣದ ಪಟ್ಟಿ ಕಣ್ಣಿಗೆ ಕಟ್ಟಿತು. ಅದರಲ್ಲಿ ಗೆರೆ ಇರಲಿಲ್ಲ. ಪೊಟ್ಟಣ ಕಸಕ್ಕೆ ಹೋಗಿಯಾಗಿತ್ತು, ರೋಗಿ ವಾರ್ಡಿಗೆ ಹೋಗಿಯಾಗಿತ್ತು, ಬೇರೆ ಯಾರೂ ನೋಡಿರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು, ಎದುರಿನ ಟ್ರಾಮ್ ಹತ್ತಿ ವಾಪಸ್ ಹೋಗಿ, ಮೇಲಿನವರಿಗೆ ತಾನೇ ಹೇಳಿದರು. ರೋಗಿಗೆ ವಿಷಯ ತಿಳಿಸಿ ಔಷಧಿ ಕೊಟ್ಟರು, ಆತನಿಗೆ ಏನೂ ಆಗಲಿಲ್ಲ. ಸುಗುಣಕ್ಕನನ್ನು ಮಾತ್ರ ಥಿಯೇಟರಿನಿಂದ ತೆಗೆದು, ವಿಚಾರಣೆ ಮುಗಿಯುವವರೆಗೆ ಸಾಮಾನು ಜೋಡಿಸುವ ಸ್ಟೋರಿಗೆ ಹಾಕಿದ್ದರು. ನರ್ಸಿನ ನೋಂದಣಿ ಉಳಿಯುತ್ತದೋ ಇಲ್ಲವೋ ತಿಳಿಯದು.

"ಆವತ್ತ ದಾರ್‍ಯಾಗ ಬಂದಿತ್ತಲ್ಲ ಫೋನು, ಅದು ಯೂನಿಯನ್ನಿನ ಹೆಣ್ಮಗಳದ್ದು. ವಿಚಾರಣಿ ಮುಗಿಯೂತನಕ ಒಂದು ಪಾರ್ಕಿಂಗ್ ಟಿಕೆಟ್ ಸೈತ ತಗೋಬ್ಯಾಡ್ರಿ, ಎದರಾಗೂ ಹೆಸರು ಬರಬಾರದು ಅಂತ ಹೇಳಾಕತ್ತಿದ್ಲಂತ."

ನಾನು ಚಹಾ ಕೆಳಗಿಟ್ಟೆ. ಆ ಮಾತನ್ನು ಕಿವಿಯಲ್ಲಿ ಕೇಳುತ್ತಿರುವಾಗಲೇ ಸುಗುಣಕ್ಕ ತಿರುಗಿ ನನ್ನನ್ನು ನೋಡಿದ್ದರು. ಅದಾದ ಮೇಲೂ ಪೊಲೀಸರಿಗೆ, ನನ್ನ ಹೆಸರನ್ನೂ ಬರೆದುಕೊಳ್ಳಿ ಎಂದಿದ್ದರು. ನಾನು ಆರು ವಾರ ನನ್ನ ವೀಸಾ ಒಂದನ್ನೇ ಎಣಿಸಿಕೊಂಡು ಕೂತಿದ್ದೆ.

ಸುಗುಣಕ್ಕ ಬಂದರು. ಮೊದಲು ಪತ್ರ ಓದಿದರು, ಆಮೇಲೆ ನನ್ನ ಮುಖ ಓದಿ ಗಂಡನ ಕಡೆ ನೋಡಿ "ಹೇಳಿದ್ರಿ ಹೌದಲ್ಲೋ?" ಎಂದರು. ಕ್ಷಮಿಸಿ ಎನ್ನಲು ಹೋದೆ.

"ನನ್ನನ್ನ ದೊಡ್ಡಾಕಿ ಮಾಡಬ್ಯಾಡ" ಎಂದರು ಕೋಟು ಬಿಚ್ಚುತ್ತಾ. "ಖರೇ ಹೇಳ್ತೀನಿ ಕೇಳು. ಇಲ್ಲ ಅನ್ನೂ ಮಾತು ನನ್ನ ಬಾಯಾಗ ಬಂದಿತ್ತು. ನಿನ್ನ ಮಾರಿ ನೋಡಿ ಅಂದೇಬಿಡೂಣು ಅನಿಸಿತ್ತು. ಆದರ ಆ ಪೊಲೀಸ ಹುಡಗ, ನಿನಗಿಂತ ಎರಡು ವರ್ಷ ದೊಡ್ಡಾಂವ ಇದ್ದಾನು. ಬರಿಯೂ ಕೈ ನಡಗಾಕತ್ತಿತ್ತು ಅಂವಂದು. ನೀ ನೋಡ್ಲಿಲ್ಲ. ಐದು ನಿಮಿಷದ ಹಿಂದ ನಿನಗ ಗುಂಡ ಹಾಕಬೇಕಾಗತಿತ್ತೇನೋ ಅಂತ ನೆನಸ್ಕೊಂಡು ನಡಗಾಕತ್ತಿದ್ದ. ಮೊದಲನೇ ಸಲ ಥಿಯೇಟರಿಗೆ ಬರೋ ಹುಡುಗ್ಯಾರ ಕೈ ಹಂಗ ನಡಗತಾವು. ಅಂಥವಗ ಸುಳ್ಳು ಹೆಂಗ ಹೇಳೂದು? ಬಾಯಿ ಮುಚ್ಚಿ, ಮತ್ತ ತಗದೆ."

ಅಷ್ಟು ಹೇಳಿ, "ಊಟಾ ಮಾಡಿ ಹೋಗು" ಎಂದು ಒಳಗೆ ನಡೆದರು.

ನಾಲ್ಕು ಬಂದೂಕುಗಳ ಎದುರು, ನೌಕರಿ ಹೋಗುವ ಮಾತು ಕಿವಿಯಲ್ಲಿರುವಾಗ, ಈ ಹೆಂಗಸಿನ ಕಣ್ಣು ಬಂದೂಕು ಹಿಡಿದವನ ಬೆರಳ ನಡುಕದ ಮೇಲಿತ್ತು. ಆ ದಿನದಿಂದ ನನಗೆ ಅವರ ಬಗ್ಗೆ ಇದ್ದದ್ದು ಪ್ರೀತಿಯೋ ಭಯವೋ ಬಿಡಿಸಿ ಹೇಳಲಾರೆ. ಎತ್ತರದ ಗುಡ್ಡದ ಬುಡದಲ್ಲಿ ನಿಂತಾಗ ಆಗುವಂಥದ್ದು.

ಎಂಟು ತಿಂಗಳ ಮೇಲೆ ವಿಚಾರಣೆ ಮುಗಿಯಿತು. ಮತ್ತೆ ತರಬೇತಿ ಮಾಡಬೇಕೆಂದರು. ಇಪ್ಪತ್ತೆರಡರ ಹುಡುಗಿಯರ ಪಕ್ಕದಲ್ಲಿ ಕೂತು ಸುಗುಣಕ್ಕ ಕೈ ತೊಳೆಯುವುದರಿಂದ ಮೊದಲುಮಾಡಿ ಎಲ್ಲವನ್ನೂ ಹೊಸದಾಗಿ ಕಲಿತು ಥಿಯೇಟರಿಗೆ ಮರಳಿದರು. ಇನ್ನೆರಡು ವರ್ಷ ಇಬ್ಬರೂ ಕಾಡಿಗೆ ಹೋದೆವು. ಆಮೇಲೆ ಅವರ ಮೊಣಕಾಲು ಒಪ್ಪಲಿಲ್ಲ. ನನಗೆ ಮ್ಯಾಂಚೆಸ್ಟರಿನಲ್ಲಿ ಕೆಲಸವಾಯಿತು. ಯಂತ್ರಗಳಲ್ಲಿ ಎಣ್ಣೆ, ಅನಿಲ ಸೋರದಂತೆ ತಡೆಯುವ ರಬ್ಬರ್ ಸೀಲುಗಳನ್ನು ಪರೀಕ್ಷಿಸಿ, ಇದು ತಡೆಯುತ್ತದೆ ಎಂದು ಸಹಿ ಹಾಕುವ ಕೆಲಸ. ಸುಗುಣಕ್ಕ ಬೇಗ ನಿವೃತ್ತಿ ತೆಗೆದುಕೊಂ‍ಡು, ಡ್ಯಾನಿ ನೆಲೆಸಿದ್ದ ಅಬರ್ಡೀನಿಗೆ ಹೊರಟರು. ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲೇ ನಿದ್ದೆಯಲ್ಲಿ ಹೃದಯ ನಿಂತು ತೀರಿಕೊಂಡರು. ಡ್ಯಾನಿ ಇಂಗ್ಲಿಷಿನಲ್ಲಿ ಎರಡು ಸಾಲು ಕಳಿಸಿದ್ದ. ಹಿಮ ಬಿದ್ದು ರೈಲು ನಿಂತು ನನಗೆ ಮಣ್ಣಿಗೆ ಹೋಗಲಾಗಲಿಲ್ಲ. ಕೀತ್ ಒಂದು ದಿನ ಮೊದಲೇ ಕಾರಿನಲ್ಲಿ ಹೊರಟು ತಲುಪಿದ್ದನಂತೆ.

ಹಾಗಾಗಿ ನನಗೆ ಉಳಿದದ್ದು ಅವರು ಊರು ಬಿಟ್ಟ ದಿನ ಶೆಫೀಲ್ಡ್ ಸ್ಟೇಷನ್ನಿನಲ್ಲಿ ಸಿಕ್ಕ ಹತ್ತು ನಿಮಿಷ. ಪ್ರಭಾಕರಣ್ಣ ಸಾಮಾನಿನ ವ್ಯಾನಿನಲ್ಲಿ ಮುಂದೆ ಹೋಗಿದ್ದರು. ಪೆಟ್ಟಿಗೆ ಎತ್ತಿಕೊಡುತ್ತೇನೆಂದು ನಾನು ಮ್ಯಾಂಚೆಸ್ಟರಿನಿಂದ ಬಂದಿದ್ದೆ. ನಿಜ ಹೇಳಬೇಕೆಂದರೆ ಪೆಟ್ಟಿಗೆ ಒಂದು ನೆಪ. ಅವರಿಗೆ ಒಂದು ಸುದ್ದಿ ಹೇಳಬೇಕಿತ್ತು.

ಹಿಂದಿನ ವಾರ ಹಳೆಯ ದಾಖಲೆ ತಿರುವುವಾಗ, ಮೂರು ತಿಂಗಳ ಕೆಳಗೆ ನಾನು ಸಹಿ ಹಾಕಿದ ಪರೀಕ್ಷೆಯೊಂದರಲ್ಲಿ ಶಾಖದ ಅಂಕಿಯನ್ನು ನಾನೇ ತಪ್ಪಾಗಿ ಒತ್ತಿದ್ದು ಕಂಡಿತ್ತು. ಸೀಲುಗಳು ಅದಾಗಲೇ ಹೊರಗೆ ಹೋಗಿದ್ದವು. ಎರಡು ದಿನ ಒದ್ದಾಡಿ, ಗುರುವಾರ ಬೆಳಿಗ್ಗೆ ಮ್ಯಾನೇಜರ ಕೋಣೆಗೆ ಹೋಗಿ ಹೇಳಿದ್ದೆ. ಎಲ್ಲವನ್ನೂ ವಾಪಸ್ ತರಿಸುತ್ತಿದ್ದರು. ನನ್ನ ನೌಕರಿಯ ವಿಷಯ ಇನ್ನೂ ತೀರ್ಮಾನವಾಗಿರಲಿಲ್ಲ.

ಹೇಳಿದೆ. ಒಳಗೊಳಗೆ ನಾನು ಏನು ನಿರೀಕ್ಷಿಸಿದ್ದೆನೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಬೆನ್ನು ತಟ್ಟುತ್ತಾರೆ, ಕಣ್ಣು ತುಂಬಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಟಿಕೆಟ್ಟನ್ನು ಪರ್ಸಿನೊಳಗೆ ಸೇರಿಸುತ್ತಾ ಪೂರ್ತಿ ಕೇಳಿಸಿಕೊಂಡರು.

"ಹೇಳೂಕಿಂತ ಮೊದಲ ನಿದ್ದಿ ಹತ್ತಿತ್ತೇನು?"

"ಇಲ್ಲ ಅಕ್ಕ."

"ಹೇಳಿದ ಮ್ಯಾಲೆ?"

"ಇಲ್ಲ. ಈಗ್ಲೂ ಬರ್ತಿಲ್ಲ."

ಸುಗುಣಕ್ಕ ಜೋರಾಗಿ ನಕ್ಕರು. ಪ್ಲಾಟ್‌ಫಾರ್ಮಿನಲ್ಲಿ ಇಬ್ಬರು ತಿರುಗಿ ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ಅಷ್ಟು ಸದ್ದು ಮಾಡಿದ್ದನ್ನು ನಾನು ಕೇಳಿರಲಿಲ್ಲ.

"ನನಗೂ ಹತ್ತಲಿಲ್ಲಪಾ! ಎಂಟು ತಿಂಗಳು! ಖರೇ ಹೇಳಿದ್ರ ಹಾಯಾಗಿ ನಿದ್ದಿ ಬರತೈತಿ ಅಂತಾರಲ್ಲ, ಅಂಥಾ ದೊಡ್ಡ ಸುಳ್ಳು ಇನ್ನೊಂದಿಲ್ಲ ನೋಡು."

ರೈಲು ಬಂತು. ಎರಡು ಪೆಟ್ಟಿಗೆಗಳನ್ನು ಒಳಗಿಟ್ಟು ಇಳಿದೆ. ಕಿಟಕಿಯ ಬಳಿ ಬಂದು ಕೈಬೀಸುತ್ತಾರೆಂದು ಕಾದು ನಿಂತೆ. ಒಳಗೆ ಬಾಗಿಲ ಬಳಿ ಒಬ್ಬ ತಾಯಿ ಮಗುವಿನ ಗಾಡಿಯನ್ನು ಮಡಚಲಾಗದೆ ಪರದಾಡುತ್ತಿದ್ದಳು. ಸುಗುಣಕ್ಕ ಅದರ ಚಕ್ರದ ಬಳಿ ಬಗ್ಗಿ, ನೋಯುವ ಮೊಣಕಾಲೂರಿ, ಯಾವುದೋ ಕೊಂಡಿ ಹುಡುಕುತ್ತಿದ್ದರು. ರೈಲು ಹೊರಟಾಗಲೂ ಹುಡುಕುತ್ತಲೇ ಇದ್ದರು.